ಸಹಿ ಇರುವ ಪುಸ್ತಕ, ಸಹಿ ಇಲ್ಲದ ಪುಸ್ತಕ: ಡಗ್ಲಸ್ ಬಾಡರ್ ಕಥೆ

ಈ ಸೆಮ್‌ನಲ್ಲಿ ನಮ್ಮ ಟೀಮ್‌ನ ಮಿನಿ ಪ್ರಾಜೆಕ್ಟ್ ಕೃತಕ ಪಾದದ ಮೇಲೆ. ಕಡಿಮೆ ಖರ್ಚಿನಲ್ಲಿ, ಹಿಮ್ಮಡಿ ನೆಲಕ್ಕೆ ತಾಗಿದಾಗ ಬೀಳುವ ಏಟನ್ನು ಹೀರಿಕೊಳ್ಳುವಂಥ ಪಾದ ಮಾಡಬೇಕು ಅನ್ನೋದು ಐಡಿಯಾ. ಪಾದ ಇನ್ನೂ ಅರ್ಧ ಆಗಿತ್ತು, ಪೋಸ್ಟರ್ ಮಾತ್ರ ಮೊದಲೇ ರೆಡಿ! ಮಧ್ಯದಲ್ಲಿ ಡಗ್ಲಸ್ ಬಾಡರ್ ಫೋಟೊ. ಎರಡೂ ಕಾಲು ಕಳೆದುಕೊಂಡು, ಲೋಹದ ಕಾಲು ಹಾಕಿಕೊಂಡು, ಎರಡನೇ ಮಹಾಯುದ್ಧದಲ್ಲಿ ಫೈಟರ್ ವಿಮಾನ ಹಾರಿಸಿದ ಬ್ರಿಟಿಷ್ ಪೈಲಟ್. ಕೆಳಗೆ ದಪ್ಪ ಅಕ್ಷರದಲ್ಲಿ ನಮ್ಮ ಸ್ಫೂರ್ತಿ ಅಂತ ಬರೆದಿದ್ವಿ. ನಿಜ ಹೇಳಬೇಕು ಅಂದ್ರೆ, ಮೊಬೈಲ್‌ನಲ್ಲಿ ಹತ್ತು ನಿಮಿಷ ಓದಿದ್ದೇ ನಮ್ಮ ರಿಸರ್ಚ್.

ಆ ಪೋಸ್ಟರ್ ಹಿಡಿದುಕೊಂಡು ಒಂದು ಭಾನುವಾರ ನಮ್ಮಲ್ಲೊಬ್ಬನ ತಾತನ ಮನೆಗೆ ಹೋದ್ವಿ. ತಾತ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ಸೇರಿ, ಫೋರ್‌ಮನ್ ಆಗಿ ರಿಟೈರ್ ಆದವರು. ಬೆಂಗಳೂರಿನ ಅವೆನ್ಯೂ ರೋಡಿನ ಹಳೇ ಪುಸ್ತಕದಂಗಡಿಗಳಲ್ಲಿ ತಿರುಗೋದು ಅವರ ನಲವತ್ತು ವರ್ಷದ ಚಟ. ಅದರಲ್ಲೂ ಅವರು ಹುಡುಕ್ತಾ ಇದ್ದದ್ದು ಒಂದೇ ಜಾತಿಯ ಪುಸ್ತಕ: ಯುದ್ಧಕಾಲದ ಮನುಷ್ಯರ ಜೀವನಚರಿತ್ರೆ, ಸಾಧ್ಯವಾದರೆ ಒಳಗೆ ಯಾರದ್ದಾದರೂ ಕೈಬರಹ ಇರುವಂಥದ್ದು. ಪೋಸ್ಟರ್ ನೋಡಿ ತಾತ ಚೆನ್ನಾಗಿದೆ ಅನ್ನಲೂ ಇಲ್ಲ, ಚೆನ್ನಾಗಿಲ್ಲ ಅನ್ನಲೂ ಇಲ್ಲ. ಎದ್ದು ಹೋಗಿ ಕಪಾಟಿನಿಂದ ಎರಡು ಪುಸ್ತಕ ತಂದು ನಮ್ಮ ಮುಂದಿಟ್ಟರು. ಎರಡನ್ನೂ ಓದಿ, ಆಮೇಲೆ ಅಂಟಿಸ್ರಪ್ಪಾ ಅಂದರು.

ಮೊದಲನೆಯದು 'ರೀಚ್ ಫಾರ್ ದ ಸ್ಕೈ'. ಪಾಲ್ ಬ್ರಿಕ್‌ಹಿಲ್ ಬರೆದು 1954ರಲ್ಲಿ ಪ್ರಕಟವಾದ ಬಾಡರ್ ಜೀವನಚರಿತ್ರೆ. ರಟ್ಟು ತಿರುಗಿಸಿದರೆ ಮೊದಲ ಖಾಲಿ ಹಾಳೆಯಲ್ಲಿ ಶಾಯಿಯಲ್ಲಿ ಯಾರದೋ ಹೆಸರು, ಕೆಳಗೆ ಬಾಡರ್ ಸಹಿ. ಅಂಗಡಿಯವನಿಗೆ ಅದು ಯಾರ ಸಹಿ ಅಂತ ಗೊತ್ತಿರಲಿಲ್ಲ, ಹಳೇ ಪುಸ್ತಕದ ರೇಟಿಗೇ ಕೊಟ್ಟುಬಿಟ್ಟಿದ್ದ. ಎರಡನೆಯದು 'ಸ್ಟೂಕಾ ಪೈಲಟ್', ಹಾನ್ಸ್ ಉಲ್ರಿಚ್ ರುಡೆಲ್ ಅನ್ನೋ ಜರ್ಮನ್ ಪೈಲಟ್‌ನ ಆತ್ಮಕಥೆ. ಹಾಳೆ ಹಳದಿಯಾದ ಪೇಪರ್‌ಬ್ಯಾಕ್. ಅದರಲ್ಲಿ ಯಾರ ಸಹಿಯೂ ಇಲ್ಲ. ಆದರೆ ಮುನ್ನುಡಿ ಇದೆ, ಅದನ್ನು ಬರೆದವನು ಡಗ್ಲಸ್ ಬಾಡರ್.

ನಮಗೆ ಆಗ ಏನೂ ಅರ್ಥ ಆಗಲಿಲ್ಲ. ಇಬ್ಬರೂ ಪೈಲಟ್, ಒಬ್ಬರ ಪುಸ್ತಕಕ್ಕೆ ಇನ್ನೊಬ್ಬರು ಮುನ್ನುಡಿ ಬರೆದರೆ ಏನು ತಪ್ಪು ಅನ್ನಿಸ್ತು. ಓದ್ತಾ ಹೋದ ಹಾಗೆ ಗೊತ್ತಾಯ್ತು. ನಾವು ತಿಳಿದುಕೊಂಡಿದ್ದನ್ನು ಮೊದಲಿಂದ ಹೇಳ್ತೀವಿ.

ಬಾಡರ್ ಕಥೆಗೆ ನಮ್ಮ ದೇಶದ ಒಂದು ಎಳೆ ಇದೆ. ಅವನ ಅಪ್ಪ ಫ್ರೆಡರಿಕ್ ಬಾಡರ್ ಸಿವಿಲ್ ಎಂಜಿನಿಯರ್, ಕೆಲಸ ಮಾಡ್ತಾ ಇದ್ದದ್ದು ಭಾರತದಲ್ಲಿ. ಡಗ್ಲಸ್ ಹುಟ್ಟಿದ್ದು ಮಾತ್ರ ಲಂಡನ್‌ನಲ್ಲಿ, 1910ರ ಫೆಬ್ರವರಿ 21ರಂದು. ಮಗು ತೀರಾ ಚಿಕ್ಕದು ಅಂತ ಅವನನ್ನು ಐಲ್ ಆಫ್ ಮ್ಯಾನ್ ದ್ವೀಪದಲ್ಲಿದ್ದ ನೆಂಟರ ಹತ್ತಿರ ಬಿಟ್ಟು ಅಪ್ಪ ಅಮ್ಮ ಭಾರತಕ್ಕೆ ಬಂದರು. ಎರಡು ವರ್ಷ ಆದಮೇಲೆ ಮಗುವನ್ನೂ ಕರೆಸಿಕೊಂಡರು. ಒಂದು ವರ್ಷದಲ್ಲೇ, 1913ರಲ್ಲಿ, ಅಪ್ಪ ಕೆಲಸ ಬಿಟ್ಟು ಲಾ ಓದೋಕೆ ಇಂಗ್ಲೆಂಡಿಗೆ ವಾಪಸ್ ಹೋದ. ಎಂಜಿನಿಯರಿಂಗ್ ಬಿಟ್ಟು ಬೇರೇನೋ ಮಾಡೋ ಅಭ್ಯಾಸ ನಮ್ಮ ಸೀನಿಯರ್‌ಗಳದ್ದೇ ಅಲ್ಲ ಅಂತ ಇಲ್ಲಿ ಸಮಾಧಾನ ಮಾಡ್ಕೋಬಹುದು.

ಅಷ್ಟರಲ್ಲಿ ಮೊದಲನೇ ಮಹಾಯುದ್ಧ ಬಂತು. ಅಪ್ಪ ರಾಯಲ್ ಎಂಜಿನಿಯರ್ಸ್ ಸೇರಿ ಫ್ರಾನ್ಸ್‌ಗೆ ಹೋದ, 1917ರಲ್ಲಿ ಗಾಯಗೊಂಡ. ಆ ಗಾಯ ಪೂರ್ತಿ ವಾಸಿ ಆಗಲೇ ಇಲ್ಲ. 1922ರಲ್ಲಿ ಸೇಂಟ್ ಓಮೆರ್ ಅನ್ನೋ ಊರಿನ ಆಸ್ಪತ್ರೆಯಲ್ಲಿ ತೀರಿಕೊಂಡ. ಈ ಊರಿನ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತೆ. ಆಗ ಡಗ್ಲಸ್‌ಗೆ ಹನ್ನೆರಡು ವರ್ಷ. ತಾಯಿ ಒಬ್ಬ ಪಾದ್ರಿಯನ್ನು ಮರುಮದುವೆ ಆದರು. ಹುಡುಗ ಆಕ್ಸ್‌ಫರ್ಡಿನ ಸೇಂಟ್ ಎಡ್ವರ್ಡ್ಸ್ ಶಾಲೆ ಸೇರಿ, ಓದಿಗಿಂತ ಜಾಸ್ತಿ ರಗ್ಬಿ, ಕ್ರಿಕೆಟ್ ಆಡಿಕೊಂಡು ಬೆಳೆದ. 1928ರಲ್ಲಿ ಕ್ರಾನ್‌ವೆಲ್‌ನ ವಾಯುಪಡೆ ಕಾಲೇಜಿಗೆ ಸೇರಿದ. ಅಲ್ಲೂ ರೂಲ್ಸ್ ಮುರಿಯೋದು, ಬೈಸಿಕೊಳ್ಳೋದು. ಆದರೂ 1930ರಲ್ಲಿ ಕೋರ್ಸ್ ಮುಗಿಯುವಾಗ ಅತ್ಯುತ್ತಮ ಕೆಡೆಟ್‌ಗೆ ಕೊಡುವ ಖಡ್ಗ ಸ್ವಲ್ಪದರಲ್ಲಿ ಕೈತಪ್ಪಿತು. ಕೆನ್ಲಿಯಲ್ಲಿದ್ದ 23ನೇ ಸ್ಕ್ವಾಡ್ರನ್ ಸೇರಿ, 1931ರ ಹೆಂಡನ್ ಏರ್ ಶೋನಲ್ಲಿ ಕಸರತ್ತು ತೋರಿಸಿ ಹೆಸರು ಮಾಡಿದ.

1931ರ ಡಿಸೆಂಬರ್ 14. ರೀಡಿಂಗ್ ಪಕ್ಕದ ವುಡ್ಲಿ ಏರೋಡ್ರೋಮ್. ಅಲ್ಲಿದ್ದ ಕೆಲವರು ಒಂದು ಕಸರತ್ತು ತೋರಿಸು ಅಂತ ಕೆಣಕಿದರು. ಕಡಿಮೆ ಎತ್ತರದಲ್ಲಿ ಕಸರತ್ತು ಮಾಡಬಾರದು ಅಂತ ಆರ್ಡರ್ ಇತ್ತು. ಇವನಿಗೆ ಇಪ್ಪತ್ತೊಂದು ವರ್ಷ, ಕೆಣಕಿದ ಮೇಲೆ ಸುಮ್ಮನಿರೋ ಜಾತಿ ಅಲ್ಲ. ಬ್ರಿಸ್ಟಲ್ ಬುಲ್‌ಡಾಗ್ ವಿಮಾನವನ್ನು ನೆಲಕ್ಕೆ ತಾಗೋ ಹಾಗೆ ತಂದು ರೋಲ್ ಮಾಡಿದ. ಎಡ ರೆಕ್ಕೆಯ ತುದಿ ನೆಲಕ್ಕೆ ತಗುಲಿತು. ವಿಮಾನ ಅಪ್ಪಚ್ಚಿ. ರಾಯಲ್ ಬರ್ಕ್‌ಷೈರ್ ಆಸ್ಪತ್ರೆಯಲ್ಲಿ ಲಿಯೊನಾರ್ಡ್ ಜಾಯ್ಸ್ ಅನ್ನೋ ಸರ್ಜನ್ ಎರಡೂ ಕಾಲು ಕತ್ತರಿಸಿ ಜೀವ ಉಳಿಸಿದರು. ಒಂದು ಮೊಣಕಾಲಿನ ಮೇಲೆ, ಇನ್ನೊಂದು ಕೆಳಗೆ. ಆಮೇಲೆ ಬಾಡರ್ ತನ್ನ ಲಾಗ್‌ಬುಕ್‌ನಲ್ಲಿ ಈ ದಿನದ ಬಗ್ಗೆ ಬರೆದದ್ದು ಒಂದು ಸಾಲಿಗೂ ಕಡಿಮೆ. ಅದರಲ್ಲಿ ಅಳು ಇಲ್ಲ, ಸಬೂಬೂ ಇಲ್ಲ.

ನಾವು ಪೋಸ್ಟರ್‌ಗೆ ಹುಡುಕಿದ್ದು ಇಲ್ಲಿಂದ ಮುಂದಿನ ಕಥೆಯನ್ನ. ಅದು ನಿಜಕ್ಕೂ ನಮ್ಮಂಥವರು ಓದಬೇಕಾದ್ದೇ. ಮಾರ್ಸೆಲ್ ಡೆಸೌಟರ್ ಅನ್ನೋ ಪೈಲಟ್ 1913ರಲ್ಲಿ ಅಪಘಾತದಲ್ಲಿ ಒಂದು ಕಾಲು ಕಳೆದುಕೊಂಡಿದ್ದ. ಆಗ ಸಿಗ್ತಿದ್ದ ಮರದ ಕಾಲು ಭಾರ, ಒರಟು. ಅವನ ತಮ್ಮ ಚಾರ್ಲ್ಸ್ ಅಣ್ಣನಿಗೋಸ್ಕರ ಡ್ಯೂರಾಲುಮಿನ್‌ನಲ್ಲಿ ಹಗುರಾದ ಕಾಲು ಮಾಡಿಕೊಟ್ಟ. ಡ್ಯೂರಾಲುಮಿನ್ ಅಂದ್ರೆ ಅಲ್ಯೂಮಿನಿಯಂಗೆ ನೂರಕ್ಕೆ ನಾಲ್ಕರಷ್ಟು ತಾಮ್ರ, ಜೊತೆಗೆ ಒಂಚೂರು ಮೆಗ್ನೀಸಿಯಂ, ಮ್ಯಾಂಗನೀಸ್. ಕಾಯಿಸಿ, ತಟಕ್ಕನೆ ತಣಿಸಿ, ಹಾಗೇ ಬಿಟ್ಟರೆ ದಿನ ಕಳೆದ ಹಾಗೆ ತಾನೇ ಗಟ್ಟಿಯಾಗುತ್ತೆ. ಮೆಟೀರಿಯಲ್ ಸೈನ್ಸ್‌ನಲ್ಲಿ ಏಜ್ ಹಾರ್ಡನಿಂಗ್ ಅಂತ ಬಾಯಿಪಾಠ ಮಾಡಿದ್ವಲ್ಲ, ಅದೇ. ವಿಮಾನದ ಮೈಗೆ ಬಳಸುವ ಲೋಹ ಮನುಷ್ಯನ ಕಾಲಾಯ್ತು. ಬಾಡರ್‌ಗೆ ಕಾಲು ಮಾಡಿಕೊಟ್ಟದ್ದು ಈ ಡೆಸೌಟರ್ ಅಣ್ಣತಮ್ಮಂದಿರ ಕಂಪನಿಯೇ.

ಒಂದು ಕಾಲಿಗೆ ಮೊಣಕಾಲು ಇರೋದಕ್ಕೂ ಇಲ್ಲದಿರೋದಕ್ಕೂ ಇರುವ ವ್ಯತ್ಯಾಸ ನಮಗೆ ಈ ಪ್ರಾಜೆಕ್ಟ್ ಮಾಡುವಾಗಲೇ ತಿಳಿದದ್ದು. ಮೊಣಕಾಲು ಇದ್ದರೆ ದೇಹವೇ ಬ್ಯಾಲೆನ್ಸ್ ಸರಿಮಾಡಿಕೊಳ್ಳುತ್ತೆ. ಇಲ್ಲದಿದ್ದರೆ ಪ್ರತಿ ಹೆಜ್ಜೆಗೂ ಸೊಂಟದಿಂದ ಕಾಲನ್ನು ಬೀಸಿ ಎಸೆಯಬೇಕು. ಬಾಡರ್‌ಗೆ ಎರಡೂ ಕಡೆ ಬೇರೆ ಬೇರೆ ಕಷ್ಟ. ಕೋಲಿಲ್ಲದೆ ನಡೆಯೋಕೆ ಆಗಲ್ಲ ಅಂತ ಕಾಲು ಮಾಡಿದವರೇ ಹೇಳಿದರೂ ಅವನು ಕೋಲು ಹಿಡಿಯಲಿಲ್ಲ. ಬಿದ್ದ, ಎದ್ದ, ಮತ್ತೆ ಬಿದ್ದ. ಕಾರು ಓಡಿಸಿದ, ಡ್ಯಾನ್ಸ್ ಮಾಡಿದ, ಗಾಲ್ಫ್ ಕಲಿತು ಚೆನ್ನಾಗಿಯೇ ಆಡಿದ. ವಿಮಾನವನ್ನೂ ಮತ್ತೆ ಹಾರಿಸಿ ತೋರಿಸಿದ. ಹಾರಿಸಬಲ್ಲ ಅಂತ ಪರೀಕ್ಷೆ ಮಾಡಿದವರೂ ಒಪ್ಪಿದರು. ಆದರೆ ಕಾಲಿಲ್ಲದ ಪೈಲಟ್‌ಗೆ ರೂಲ್‌ಬುಕ್‌ನಲ್ಲಿ ಜಾಗ ಇರಲಿಲ್ಲ. 1933ರಲ್ಲಿ ವಾಯುಪಡೆಯಿಂದ ಮನೆಗೆ ಕಳಿಸಿದರು. ಅದೇ ವರ್ಷ ಥೆಲ್ಮಾ ಎಡ್ವರ್ಡ್ಸ್ ಜೊತೆ ಮದುವೆ. ತೈಲ ಕಂಪನಿಯೊಂದರಲ್ಲಿ ಆರು ವರ್ಷ ಮೇಜಿನ ಮುಂದೆ ಕೂತು ಕೆಲಸ.

1939ರಲ್ಲಿ ಯುದ್ಧ ಶುರುವಾದಾಗ ಪೈಲಟ್‌ಗಳ ಕೊರತೆ ರೂಲ್‌ಬುಕ್‌ಗಿಂತ ದೊಡ್ಡದಾಯ್ತು. ಬಾಡರ್ ಮತ್ತೆ ಸಮವಸ್ತ್ರ ಹಾಕಿದ. 1940ರ ಜೂನ್‌ನಲ್ಲಿ 242ನೇ ಸ್ಕ್ವಾಡ್ರನ್ ಅವನ ಕೈಗೆ ಬಂತು. ಅದರ ಪೈಲಟ್‌ಗಳಲ್ಲಿ ಹೆಚ್ಚಿನವರು ಕೆನಡಾದವರು, ಫ್ರಾನ್ಸ್‌ನಲ್ಲಿ ಪೆಟ್ಟು ತಿಂದು ಮನಸ್ಸು ಮುರಿದುಕೊಂಡು ಬಂದವರು. ಕಾಲಿಲ್ಲದ ಕಮಾಂಡರ್ ಬಂದ ಅಂತ ಮುಖ ಸಿಂಡರಿಸಿದರು. ಬಾಡರ್ ಏನೂ ಭಾಷಣ ಮಾಡಲಿಲ್ಲ. ಒಂದು ಹರಿಕೇನ್ ಹತ್ತಿ ಅವರ ತಲೆ ಮೇಲೆ ಬಹಳ ಹೊತ್ತು ಕಸರತ್ತು ಮಾಡಿ ಇಳಿದ. ಆಮೇಲೆ ಯಾರೂ ಕಾಲಿನ ಮಾತೆತ್ತಲಿಲ್ಲ. ಬಿಡಿಭಾಗ, ಉಪಕರಣ ಬರದಿದ್ದಾಗ ತನ್ನ ಸ್ಕ್ವಾಡ್ರನ್ ಯುದ್ಧಕ್ಕೆ ಸಿದ್ಧವಿಲ್ಲ ಅಂತ ಮೇಲಿನವರಿಗೆ ನೇರವಾಗಿ ಬರೆದು ಕಳಿಸಿ ತರಿಸಿಕೊಂಡ.

ಮೊದಲ ವಿವಾದ ಶುರುವಾಗೋದು ಇಲ್ಲಿಂದ. ಬ್ಯಾಟಲ್ ಆಫ್ ಬ್ರಿಟನ್ ಸಮಯದಲ್ಲಿ ಲಂಡನ್ ಸುತ್ತಮುತ್ತಲಿನ 11ನೇ ಗ್ರೂಪ್ ಕೀತ್ ಪಾರ್ಕ್ ಕೈಲಿತ್ತು. ಶತ್ರು ಬರ್ತಿದ್ದಾನೆ ಅಂತ ರೆಡಾರ್ ಹೇಳಿದ ತಕ್ಷಣ ಒಂದೊಂದೋ ಎರಡೆರಡೋ ಸ್ಕ್ವಾಡ್ರನ್ ಕಳಿಸಿ, ಬಾಂಬ್ ಬೀಳೋದಕ್ಕೆ ಮುಂಚೆ ತಡೀಬೇಕು ಅನ್ನೋದು ಅವನ ಲೆಕ್ಕ. ಉತ್ತರದ 12ನೇ ಗ್ರೂಪ್‌ನಲ್ಲಿದ್ದ ಬಾಡರ್ ಮತ್ತು ಅವನ ಮೇಲಧಿಕಾರಿ ಲೀ ಮ್ಯಾಲರಿ ಬೇರೆ ಹೇಳಿದರು. ಮೂರೋ ಐದೋ ಸ್ಕ್ವಾಡ್ರನ್ ಒಟ್ಟುಗೂಡಿಸಿ ದೊಡ್ಡ ದಂಡಾಗಿ ಹೋಗಿ ಬಡೀಬೇಕು. ಇದಕ್ಕೆ ಬಿಗ್ ವಿಂಗ್ ಅಂತ ಹೆಸರು. ನಮ್ಮ ಭಾಷೆಯಲ್ಲಿ ಹೇಳಬೇಕು ಅಂದ್ರೆ ಪಾರ್ಕ್‌ಗೆ ಲೇಟೆನ್ಸಿ ಮುಖ್ಯ, ಬಾಡರ್‌ಗೆ ಥ್ರೂಪುಟ್ ಮುಖ್ಯ. ಅಷ್ಟು ವಿಮಾನ ಆಕಾಶದಲ್ಲಿ ಒಟ್ಟು ಸೇರೋಕೇ ಹೊತ್ತು ಬೇಕು. ಅಷ್ಟರಲ್ಲಿ ಶತ್ರು ಬಾಂಬ್ ಹಾಕಿ ವಾಪಸ್ ಹೊರಟಿರ್ತಾನೆ. ದಂಡಾಗಿ ಹೋದಾಗ ಹೊಡೆದ ಲೆಕ್ಕವೂ ಉಬ್ಬುತ್ತೆ, ಯಾಕಂದ್ರೆ ಒಂದೇ ವಿಮಾನವನ್ನು ನಾಲ್ಕು ಜನ ನಾನೇ ಕೆಡವಿದ್ದು ಅಂತ ಬರೆಸ್ತಾರೆ. 1940ರ ಅಕ್ಟೋಬರ್ 17ರಂದು ಏರ್ ಮಿನಿಸ್ಟ್ರಿಯಲ್ಲಿ ಹಿರಿಯ ಅಧಿಕಾರಿಗಳ ಸಭೆ ನಡೆದಾಗ, ಬರೀ ಸ್ಕ್ವಾಡ್ರನ್ ಲೀಡರ್ ಆಗಿದ್ದ ಬಾಡರ್ ಅಲ್ಲಿ ಕೂತಿದ್ದ. ವರ್ಷ ಮುಗಿಯೋದರೊಳಗೆ ಆ ಯುದ್ಧ ಗೆದ್ದುಕೊಟ್ಟ ಡೌಡಿಂಗ್ ಮತ್ತು ಪಾರ್ಕ್ ಇಬ್ಬರನ್ನೂ ಜಾಗ ಬದಲಾಯಿಸಿದರು. ಪಾರ್ಕ್ ಜಾಗಕ್ಕೆ ಲೀ ಮ್ಯಾಲರಿ ಬಂದ. ಇದಕ್ಕೆಲ್ಲ ಬಾಡರ್ ಒಬ್ಬನೇ ಕಾರಣ ಅನ್ನೋಕಾಗಲ್ಲ. ಕೈಯಿಲ್ಲ ಅಂತಲೂ ಅನ್ನೋಕಾಗಲ್ಲ.

1941ರ ಮಾರ್ಚ್‌ನಲ್ಲಿ ಟ್ಯಾಂಗ್‌ಮಿಯರ್‌ನಲ್ಲಿ ಮೂರು ಸ್ಪಿಟ್‌ಫೈರ್ ಸ್ಕ್ವಾಡ್ರನ್‌ಗಳ ಮುಖ್ಯಸ್ಥನಾದ. ಆ ವರ್ಷದ ಆಗಸ್ಟ್ 9ರಂದು ಫ್ರಾನ್ಸ್ ಮೇಲೆ ಹಾರುವಾಗ ವಿಮಾನದ ಬಾಲ ಕಿತ್ತುಹೋಯ್ತು. ಹಾರಿಕೊಳ್ಳೋಕೆ ನೋಡಿದರೆ ಬಲಗಾಲು ಒಳಗೆ ಸಿಕ್ಕಿಕೊಂಡಿದೆ! ಕೊನೆಗೆ ಕಾಲನ್ನು ಕಟ್ಟಿದ್ದ ಪಟ್ಟಿ ಕಿತ್ತು, ಕಾಲು ವಿಮಾನದಲ್ಲೇ ಉಳಿದು, ಮನುಷ್ಯ ಪ್ಯಾರಾಶೂಟ್‌ನಲ್ಲಿ ಇಳಿದ. ನಿಜವಾದ ಕಾಲಾಗಿದ್ದರೆ ಅಲ್ಲೇ ಸಾಯ್ತಿದ್ದ. ಜರ್ಮನ್ ವಿಮಾನವೊಂದು ಡಿಕ್ಕಿ ಹೊಡೆಯಿತು ಅಂತ ಅವನ ನಂಬಿಕೆ. ಅವತ್ತು ಹಾಗೆ ಡಿಕ್ಕಿಯಾದ ವಿಮಾನ ಜರ್ಮನ್ ದಾಖಲೆಗಳಲ್ಲಿ ಸಿಕ್ಕಿಲ್ಲ. ಗಡಿಬಿಡಿಯಲ್ಲಿ ನಮ್ಮವರದೇ ಗುಂಡು ತಗುಲಿರಬಹುದು ಅಂತ ಆಮೇಲಿನ ಸಂಶೋಧಕರು ಕೆಲವರು ಹೇಳ್ತಾರೆ. 22 ವಿಮಾನ ಕೆಡವಿದ ಪೈಲಟ್ ಅನ್ನೋ ಲೆಕ್ಕದೊಂದಿಗೆ ಅವನ ಯುದ್ಧ ಅಲ್ಲಿಗೆ ಮುಗೀತು. ಗಾಯಗೊಂಡ ಅವನನ್ನು ಜರ್ಮನ್ನರು ಸೇರಿಸಿದ್ದು ಸೇಂಟ್ ಓಮೆರ್ ಆಸ್ಪತ್ರೆಗೆ. ಅಪ್ಪ ಸತ್ತ ಅದೇ ಊರು.

ಇಲ್ಲಿ ಸಿನಿಮಾದಂಥದ್ದು ನಡೀತು. ಅಲ್ಲಿನ ಜರ್ಮನ್ ಫೈಟರ್ ಪಡೆಯ ನಾಯಕ ಅಡಾಲ್ಫ್ ಗಾಲಂಡ್ ಬಾಡರ್‌ನನ್ನು ಅತಿಥಿ ಥರ ನೋಡಿಕೊಂಡ, ತನ್ನ ವಿಮಾನದ ಕಾಕ್‌ಪಿಟ್‌ನಲ್ಲಿ ಕೂರಿಸಿದ. ಇನ್ನೊಂದು ಕಾಲು ಬೇಕು ಅಂತ ಜರ್ಮನ್ನರು ಬ್ರಿಟಿಷರಿಗೆ ಸುದ್ದಿ ಕಳಿಸಿದರು. ಆಗಸ್ಟ್ 19ರಂದು ಬ್ರಿಟಿಷ್ ಬಾಂಬರ್ ಒಂದು ಹೊಸ ಕಾಲನ್ನು ಪ್ಯಾರಾಶೂಟ್ ಕಟ್ಟಿ ಕೆಳಗೆ ಹಾಕಿತು. ಅದಕ್ಕೂ ಮುಂಚೆಯೇ ಇವನು ಹಾಸಿಗೆಯ ಬಟ್ಟೆ ಗಂಟು ಹಾಕಿ ಆಸ್ಪತ್ರೆಯ ಕಿಟಕಿಯಿಂದ ಇಳಿದು ಓಡಿಹೋಗಿ, ಮತ್ತೆ ಸಿಕ್ಕಿಬಿದ್ದಿದ್ದ. ಅವನನ್ನು ಅಡಗಿಸಿಟ್ಟ ಫ್ರೆಂಚ್ ವಯಸ್ಸಾದ ದಂಪತಿ, ದಾರಿ ಮಾಡಿಕೊಟ್ಟ ಆಸ್ಪತ್ರೆಯ ಹುಡುಗಿ, ಎಲ್ಲರೂ ಜರ್ಮನಿಯ ಜೈಲಿಗೆ ಹೋದರು. ಪುಣ್ಯಕ್ಕೆ ಬದುಕಿ ಬಂದರು. ಪೋಸ್ಟರ್‌ಗಳಲ್ಲಿ ಆಕಾಶದಿಂದ ಬಿದ್ದ ಕಾಲಿನ ಕಥೆ ಇರುತ್ತೆ, ಈ ಮೂವರ ಕಥೆ ಇರಲ್ಲ. ನಮ್ಮದರಲ್ಲೂ ಇರಲಿಲ್ಲ.

ಪದೇ ಪದೇ ತಪ್ಪಿಸಿಕೊಳ್ಳೋಕೆ ನೋಡ್ತಾನೆ ಅಂತ 1942ರ ಆಗಸ್ಟ್‌ನಲ್ಲಿ ಕೊಲ್ಡಿಟ್ಸ್ ಕೋಟೆಗೆ ಹಾಕಿದರು. 1945ರ ಏಪ್ರಿಲ್‌ನಲ್ಲಿ ಅಮೆರಿಕನ್ ಸೈನ್ಯ ಬರುವವರೆಗೂ ಅಲ್ಲೇ. ಅಲ್ಲಿ ಅವನನ್ನು ಮೆಟ್ಟಿಲಲ್ಲಿ ಹೊತ್ತುಕೊಂಡು ಇಳಿಸಿ ಹತ್ತಿಸ್ತಾ ಇದ್ದವನು ಸ್ಕಾಟ್ಲೆಂಡಿನ ಒಬ್ಬ ವೈದ್ಯಕೀಯ ಸೈನಿಕ. ಕೈದಿಗಳ ವಿನಿಮಯದಲ್ಲಿ ಅವನಿಗೆ ಊರಿಗೆ ಹೋಗುವ ಅವಕಾಶ ಬಂದಾಗ, ತನ್ನ ಸೇವೆಗೆ ಬೇಕು ಅಂತ ಬಾಡರ್ ಬಿಡಲಿಲ್ಲವಂತೆ. ಆ ಸೈನಿಕನೇ ವರ್ಷಗಳಾದ ಮೇಲೆ ಹೇಳಿಕೊಂಡಿದ್ದಾನೆ. ಥ್ಯಾಂಕ್ಸ್ ಕೂಡ ಅನ್ನಲಿಲ್ಲ ಅನ್ನೋ ಬೇಸರ ಅವನಿಗೆ ಕೊನೆವರೆಗೂ ಇತ್ತು. ಇದನ್ನು ಓದಿದ ರಾತ್ರಿ ನಮ್ಮ ಹಾಸ್ಟೆಲ್ ರೂಮಲ್ಲಿ ಪೋಸ್ಟರ್ ಗೋಡೆಗೆ ಮುಖ ಮಾಡಿ ನಿಂತಿತ್ತು.

ಯುದ್ಧ ಮುಗಿದ ಮೇಲೆ, 1945ರ ಸೆಪ್ಟೆಂಬರ್ 15ರಂದು ಲಂಡನ್ ಮೇಲೆ 300 ವಿಮಾನಗಳ ವಿಜಯ ಹಾರಾಟಕ್ಕೆ ಬಾಡರ್‌ದೇ ನಾಯಕತ್ವ. 1946ರಲ್ಲಿ ವಾಯುಪಡೆ ಬಿಟ್ಟು ಶೆಲ್ ಕಂಪನಿಗೆ ವಾಪಸ್. ಈಗ ಪುಸ್ತಕದ ಕಥೆಗೆ ಬರೋಣ.

ಪಾಲ್ ಬ್ರಿಕ್‌ಹಿಲ್ ಆಸ್ಟ್ರೇಲಿಯಾದವನು, ಸ್ವತಃ ಸ್ಪಿಟ್‌ಫೈರ್ ಪೈಲಟ್, ಜರ್ಮನ್ನರ ಕೈದಿಯೂ ಆಗಿದ್ದವನು. 'ದ ಗ್ರೇಟ್ ಎಸ್ಕೇಪ್', 'ದ ಡ್ಯಾಮ್ ಬಸ್ಟರ್ಸ್' ಬರೆದದ್ದೂ ಅವನೇ. 1954ರಲ್ಲಿ 'ರೀಚ್ ಫಾರ್ ದ ಸ್ಕೈ' ಬಂದಾಗ ಬ್ರಿಟನ್‌ನಲ್ಲಿ ಬಿಸಿ ದೋಸೆ ಥರ ಖರ್ಚಾಯ್ತು. ಯುದ್ಧ ಗೆದ್ದರೂ ರೇಷನ್ ಕ್ಯೂನಲ್ಲಿ ನಿಂತು ಸುಸ್ತಾಗಿದ್ದ ಜನಕ್ಕೆ ಅಂಥ ಕಥೆ ಬೇಕಿತ್ತು. 1956ರಲ್ಲಿ ಸಿನಿಮಾ ಆಯ್ತು, ಕೆನೆತ್ ಮೋರ್ ಬಾಡರ್ ಪಾತ್ರ ಮಾಡಿದ. ಪರದೆ ಮೇಲಿನ ಬಾಡರ್ ತುಂಬ ಒಳ್ಳೆಯವನು. ನಿಜವಾದ ಬಾಡರ್ ಬಾಯಿ ತೆಗೆದರೆ ಬೈಗುಳ, ಜೊತೆಗಿದ್ದವರನ್ನು ಒರಟಾಗಿ ನಡೆಸಿಕೊಳ್ತಿದ್ದ ಅಂತ ಅವನ ಗೆಳೆಯರೇ ಹೇಳಿದ್ದಾರೆ. ಪುಸ್ತಕದ ದುಡ್ಡಿನ ಪಾಲಿನ ವಿಷಯದಲ್ಲಿ ಲೇಖಕನಿಗೂ ಅವನಿಗೂ ಜಗಳ ಆಯ್ತು. ತನ್ನದೇ ಸಿನಿಮಾದ ಮೊದಲ ಪ್ರದರ್ಶನಕ್ಕೆ ಅವನು ಹೋಗಲೇ ಇಲ್ಲ, ಬಹಳ ವರ್ಷ ಆದಮೇಲೆ ಟೀವಿಯಲ್ಲಿ ನೋಡಿದ.

ಆದರೂ ಆ ಪುಸ್ತಕಕ್ಕೆ ಸಹಿ ಹಾಕೋದು ನಿಲ್ಲಿಸಲಿಲ್ಲ ನೋಡಿ! ಕೇಳಿದವರಿಗೆಲ್ಲ ಹಾಕಿಕೊಟ್ಟ. ಹಾಗಾಗಿ ಬಾಡರ್ ಸಹಿಯ ಪ್ರತಿಗಳು ಅಪರೂಪ ಅಲ್ಲ. ಇಂಥ ಪುಸ್ತಕ ಕೂಡಿಡುವವರ ಲೆಕ್ಕಾಚಾರ ತಾತ ಹೇಳಿಕೊಟ್ಟದ್ದು ಹೀಗೆ. ಬರೀ ಸಹಿ ಇದ್ದರೆ ಒಂದು ತೂಕ. ಯಾರಿಗೆ ಅಂತ ಹೆಸರು ಬರೆದು ಕೊಟ್ಟಿದ್ದರೆ ಇನ್ನೊಂದು. ಆ ಹೆಸರಿನವರು ಕಥೆಯೊಳಗೇ ಬರುವವರಾದರೆ, ಅಂದರೆ ಜೊತೆಗೆ ಹಾರಿದ ಪೈಲಟ್ಟೋ, ಆಸ್ಪತ್ರೆಯ ನರ್ಸೋ ಆದರೆ, ತೂಕ ಎಲ್ಲಕ್ಕಿಂತ ಜಾಸ್ತಿ. ಜಗಳವಾಡಿದ ಲೇಖಕ, ನಾಯಕ ಇಬ್ಬರ ಸಹಿಯೂ ಒಂದೇ ಪ್ರತಿಯಲ್ಲಿ ಸಿಕ್ಕರೆ ಕೇಳೋದೇ ಬೇಡ. ಸಹಿ ಅಚ್ಚಿನದೋ ಪೆನ್ನಿನದೋ ಅಂತ ಭೂತಗನ್ನಡಿಯಲ್ಲಿ ನೋಡಬೇಕು. ಪೆನ್ನು ಒತ್ತಿದ ಗುರುತು ಹಾಳೆಯ ಹಿಂದೆ ಬೆರಳಿಗೆ ತಾಗಬೇಕು, ಶಾಯಿ ಕಾಗದದೊಳಗೆ ಒಂಚೂರು ಹರಡಿರಬೇಕು.

ಎಲ್ಲಕ್ಕಿಂತ ಮೊದಲು ತಾರೀಖು ನೋಡಬೇಕು. ಡ್ಯಾಮ್ ಬಸ್ಟರ್ಸ್ ನಾಯಕ ಗೈ ಗಿಬ್ಸನ್ 1944ರ ಸೆಪ್ಟೆಂಬರ್‌ನಲ್ಲೇ ಸತ್ತ, ಅವನ 'ಎನಿಮಿ ಕೋಸ್ಟ್ ಅಹೆಡ್' ಬಂದದ್ದು 1946ರಲ್ಲಿ. ಅದರಲ್ಲಿ ಯಾರಾದರೂ ಗಿಬ್ಸನ್ ಸಹಿ ತೋರಿಸಿದರೆ ನಮಸ್ಕಾರ ಹೇಳಿ ಹೊರಡಬೇಕು. ಡೆಸ್ಮಂಡ್ ಯಂಗ್ ಬರೆದ ರೊಮೆಲ್ ಜೀವನಚರಿತ್ರೆಯೂ ಹಾಗೇ. ರೊಮೆಲ್ ಸತ್ತದ್ದು 1944, ಪುಸ್ತಕ 1950. ಶತ್ರು ಸೇನಾಪತಿಯನ್ನು ಹೀಗೆ ಹೊಗಳಬಹುದಾ ಅಂತ ವಿವಾದ ಎಬ್ಬಿಸಿದ ಪುಸ್ತಕ ಅದು. ಬರೆದವನು ಬ್ರಿಟಿಷರ ಕಾಲದ ನಮ್ಮ ಇಂಡಿಯನ್ ಆರ್ಮಿಯಲ್ಲಿದ್ದು, ರೊಮೆಲ್ ಸೈನ್ಯಕ್ಕೆ ಸೆರೆ ಸಿಕ್ಕಿದ್ದವನು. ಮುನ್ನುಡಿ ಬರೆದ ಆಕಿನ್‌ಲೆಕ್ ರೊಮೆಲ್ ಎದುರು ಹೋರಾಡಿದ ಸೇನಾಪತಿ. ಇಂಥ ಪುಸ್ತಕಗಳಲ್ಲಿ ಮುನ್ನುಡಿಯೂ ಒಂಥರಾ ಸಹಿ ಅಂತ ತಾತ ಹೇಳಿದಾಗ ನಮಗೆ ಎರಡನೇ ಪುಸ್ತಕ ಯಾಕೆ ಕೊಟ್ಟರು ಅಂತ ಹೊಳೀತು.

ರುಡೆಲ್ ನಾಜಿ ಜರ್ಮನಿಯಲ್ಲಿ ಅತಿ ಹೆಚ್ಚು ಪದಕ ಪಡೆದ ಪೈಲಟ್. 2,530 ಬಾರಿ ಯುದ್ಧಕ್ಕೆ ಹಾರಿದ, 519 ಟ್ಯಾಂಕ್ ನಾಶ ಮಾಡಿದ ಅಂತ ಜರ್ಮನ್ ಲೆಕ್ಕ. 1945ರ ಫೆಬ್ರವರಿಯಲ್ಲಿ ಬಲಗಾಲು ಹೋಯ್ತು, ಆದರೂ ಮತ್ತೆ ಹಾರಿದ. ಯುದ್ಧ ಮುಗಿದಾಗ ಗಾಲಂಡ್ ಜೊತೆ ಅವನನ್ನೂ ಟ್ಯಾಂಗ್‌ಮಿಯರ್‌ಗೆ ಕರೆತಂದರು. ಅಲ್ಲಿ ಬಾಡರ್ ಅವನನ್ನು ಭೇಟಿಯಾಗಿ, ಅವನಿಗೂ ಒಂದು ಕೃತಕ ಕಾಲು ಸಿಗಲಿ ಅಂತ ಓಡಾಡಿದ. ಇಲ್ಲಿವರೆಗೂ ಓದಿದರೆ ಕಣ್ಣು ಒದ್ದೆಯಾಗುತ್ತೆ. ಮುಂದೆ ಓದಬೇಕು. ರುಡೆಲ್ 1948ರಲ್ಲಿ ಅರ್ಜೆಂಟೀನಾಕ್ಕೆ ಹೋದ, ಅಲ್ಲಿ ಓಡಿಬಂದ ನಾಜಿಗಳಿಗೆ ಬೆಂಬಲವಾಗಿ ನಿಂತ. 1953ರಲ್ಲಿ ಜರ್ಮನಿಯ ಒಂದು ಕಟ್ಟಾ ಬಲಪಂಥೀಯ ಪಕ್ಷದಿಂದ ಚುನಾವಣೆಗೆ ನಿಂತ. ತಾನು ನಂಬಿದ್ದನ್ನು ಸಾಯೋವರೆಗೂ ಬಿಡಲಿಲ್ಲ.

ಅವನ ಪುಸ್ತಕದ ಇಂಗ್ಲಿಷ್ ಅನುವಾದ 1952ರಲ್ಲಿ ಬಂತು. ತಂದದ್ದು ಯೂಫೋರಿಯನ್ ಬುಕ್ಸ್, ಬ್ರಿಟಿಷ್ ಫ್ಯಾಸಿಸ್ಟ್ ನಾಯಕ ಆಸ್ವಾಲ್ಡ್ ಮೋಸ್ಲಿಯ ಪ್ರಕಾಶನ. 1940ರಲ್ಲಿ ಬಾಡರ್ ಹರಿಕೇನ್ ಹಾರಿಸ್ತಿದ್ದಾಗ ಬ್ರಿಟಿಷ್ ಸರ್ಕಾರ ಜೈಲಿನಲ್ಲಿ ಇಟ್ಟಿದ್ದು ಇದೇ ಮೋಸ್ಲಿಯನ್ನ! ಆ ಪುಸ್ತಕಕ್ಕೆ ಬಾಡರ್ ಮುನ್ನುಡಿ ಬರೆದ. ರುಡೆಲ್ ಎಂಥ ನಾಜಿ ಅಂತ ಎಲ್ಲರಿಗೂ ಗೊತ್ತಾದ ಮೇಲೆ ಕೇಳಿದರೆ, ಮೊದಲೇ ಗೊತ್ತಿದ್ದರೂ ಬರೀತಿದ್ದೆ ಅನ್ನೋ ಅರ್ಥದಲ್ಲೇ ಉತ್ತರ ಕೊಟ್ಟ. ಒಬ್ಬ ಒಳ್ಳೆಯ ಪೈಲಟ್‌ಗೆ ಇನ್ನೊಬ್ಬ ಪೈಲಟ್ ಕೊಡುವ ಮರ್ಯಾದೆ ಅಷ್ಟೇ ಅಂತ ಅವನಿಗೆ ಅನ್ನಿಸಿರಬೇಕು. ಆದರೆ ಧೈರ್ಯವನ್ನು ಮಾತ್ರ ನೋಡಿ, ಆ ಧೈರ್ಯ ಯಾರಿಗೋಸ್ಕರ ದುಡೀತು ಅಂತ ನೋಡದೇ ಇದ್ದರೆ ಎಲ್ಲಿಗೆ ಹೋಗಿ ಮುಟ್ಟುತ್ತೀವಿ ಅಂತ ನಮಗೆ ಭಯ ಆಯ್ತು. ಮುಂದೆ ದಕ್ಷಿಣ ಆಫ್ರಿಕಾ, ರೊಡೇಷಿಯಾಗಳ ಬಿಳಿಯರ ಸರ್ಕಾರಗಳ ಪರವಾಗಿಯೂ ಅವನು ಮಾತಾಡಿದ. ಅದೂ ಅದೇ ಬಾಯಿ.

ಇಷ್ಟಕ್ಕೇ ಮುಗಿಸಿದರೆ ಅದೂ ಅನ್ಯಾಯ. ಶೆಲ್ ಕಂಪನಿಯ ವಿಮಾನ ತಾನೇ ಹಾರಿಸಿಕೊಂಡು ಊರೂರು ತಿರುಗುವಾಗ ಬಾಡರ್ ಹೋದಲ್ಲೆಲ್ಲ ಕೈಕಾಲು ಕಳೆದುಕೊಂಡವರನ್ನು ಹುಡುಕಿ ಭೇಟಿಯಾಗ್ತಿದ್ದ. ಮಕ್ಕಳಿಗೆ ಕಾಗದ ಬರೀತಿದ್ದ, ಪ್ಯಾಂಟ್ ಎತ್ತಿ ತನ್ನ ಕಾಲು ತೋರಿಸಿ ನಡೆದು ತೋರಿಸ್ತಿದ್ದ. ಅದರಲ್ಲಿ ಒಣ ಉಪದೇಶ ಇರಲಿಲ್ಲ. 1971ರಲ್ಲಿ ಥೆಲ್ಮಾ ತೀರಿಕೊಂಡರು, 1973ರಲ್ಲಿ ಜೋನ್ ಮರೆ ಅವರನ್ನು ಮದುವೆಯಾದ. 1976ರಲ್ಲಿ ಸರ್ ಪದವಿ ಸಿಕ್ಕಿದ್ದು ಯುದ್ಧಕ್ಕಲ್ಲ, ಅಂಗವಿಕಲರಿಗಾಗಿ ಮಾಡಿದ ಕೆಲಸಕ್ಕೆ. 1982ರ ಸೆಪ್ಟೆಂಬರ್ 5ರಂದು ಲಂಡನ್‌ನಲ್ಲಿ ಒಂದು ಔತಣದಿಂದ ಮನೆಗೆ ಹೋಗುವಾಗ ಹೃದಯಾಘಾತವಾಗಿ ತೀರಿಕೊಂಡ. ಅದೇ ವರ್ಷ ಡಿಸೆಂಬರ್‌ನಲ್ಲಿ ರುಡೆಲ್ ಕೂಡ ಸತ್ತ. ಬಾಡರ್ ಹೆಸರಿನ ಪ್ರತಿಷ್ಠಾನ ಕೈಕಾಲು ಕಳೆದುಕೊಂಡವರಿಗೆ ಇವತ್ತಿಗೂ ನೆರವಾಗ್ತಿದೆ.

ಪುಸ್ತಕ ವಾಪಸ್ ಕೊಡೋಕೆ ಹೋದಾಗ ತಾತ ಒಂದು ವಿಷಯ ಹೇಳಿದರು. ಸಹಿ ಇರುವ ಪುಸ್ತಕ ಮಾತ್ರ ಕೊಡಿ, ಒಳ್ಳೆ ಬೆಲೆ ಕೊಡ್ತೀನಿ ಅಂತ ಯಾರೋ ಕೇಳಿಕೊಂಡು ಬಂದಿದ್ದರಂತೆ. ತಾತನಿಗೆ ಆಗ ದುಡ್ಡಿನ ಅಗತ್ಯವೂ ಇತ್ತು, ಅಜ್ಜಿಯ ಕಣ್ಣಿನ ಆಪರೇಷನ್ ಇತ್ತು. ಎರಡೂ ಒಟ್ಟಿಗೆ ತಗೊಂಡರೆ ಕೊಡ್ತೀನಿ ಅಂದರು ತಾತ. ಬಂದವರಿಗೆ ಹರಿದ ಪೇಪರ್‌ಬ್ಯಾಕ್ ಯಾಕೆ ಬೇಕು ಅಂತ ಅರ್ಥವಾಗಲಿಲ್ಲ, ಹೊರಟುಹೋದರು. ಆಪರೇಷನ್ ದುಡ್ಡನ್ನು ತಾತ ಬೇರೆ ಕಡೆಯಿಂದ ಹೊಂದಿಸಿದರು. ಒಂದನ್ನೇ ಮಾರಿದ್ದರೆ ಮನುಷ್ಯನ ಅರ್ಧ ಮಾರಿದ ಹಾಗೆ ಆಗ್ತಿತ್ತು ಅನ್ನೋದು ಅವರ ವಾದ. ಅಜ್ಜಿ ಒಳಗಿಂದಲೇ, ಪೂರ್ತಿ ಮಾರಿದ್ದರೂ ಚಿಂತೆ ಇರಲಿಲ್ಲ ಅಂದರು.

ಪೋಸ್ಟರ್ ಏನಾಯ್ತು ಅಂತ ಕೇಳ್ತೀರಾ? ತೆಗೆದುಹಾಕೋಣ ಅಂತ ಇಬ್ಬರು, ಹಾಗೇ ಇರಲಿ ಅಂತ ಇಬ್ಬರು, ಎರಡು ದಿನ ಜಗಳ. ಕೊನೆಗೆ ಮಧ್ಯದಲ್ಲಿದ್ದ ಫೋಟೊ ಚಿಕ್ಕದು ಮಾಡಿ ಪಕ್ಕಕ್ಕೆ ಸರಿಸಿದ್ವಿ. ಮಧ್ಯದಲ್ಲಿ ಈಗ ಡ್ಯೂರಾಲುಮಿನ್ ಕಾಲಿನ ಚಿತ್ರ ಇದೆ, ಅಣ್ಣನಿಗೋಸ್ಕರ ತಮ್ಮ ಮಾಡಿದ್ದು. ನಮ್ಮ ಸ್ಫೂರ್ತಿ ಅನ್ನೋ ಪದ ತೆಗೆದ್ವಿ. ಬಾಡರ್ ಫೋಟೊ ಕೆಳಗೆ ನಾಲ್ಕು ಸಾಲು: ಕಾಲು ಕಳೆದುಕೊಂಡ ದಿನ, ಮತ್ತೆ ಹಾರಿದ ವರ್ಷ, ಅವನಿಗೋಸ್ಕರ ಜೈಲಿಗೆ ಹೋದ ಮೂವರು, ಅವನು ಬರೆದ ಮುನ್ನುಡಿ. ಮೌಲ್ಯಮಾಪನಕ್ಕೆ ಬಂದ ಮೇಡಂ ಕೃತಕ ಪಾದದ ಪೋಸ್ಟರ್‌ನಲ್ಲಿ ಮುನ್ನುಡಿಗೆ ಏನು ಕೆಲಸ ಅಂತ ಕೇಳಿದರು. ಉತ್ತರ ಹೇಳೋಕೆ ಹೋಗಿ ಹತ್ತು ನಿಮಿಷ ಮಾತಾಡಿಬಿಟ್ವಿ, ಪಾದದ ಬಗ್ಗೆ ಹೇಳೋಕೆ ಟೈಮೇ ಉಳೀಲಿಲ್ಲ. ಹತ್ತಕ್ಕೆ ಆರು ಬಂತು. ಪಾದ ಇನ್ನೂ ಪೂರ್ತಿ ಆಗಿಲ್ಲ, ಮುಂದಿನ ಸೆಮ್‌ಗೆ ಮುಂದುವರಿಸ್ತೀವಿ.